ಹಳೆ ಮಾರುತಿ 800: ಪವರ್ ಸ್ಟೀರಿಂಗ್ ಹಾಕಿಸಬೇಕಾ, ಬೇಡ್ವಾ?

ಸ್ಟೀರಿಂಗ್ ತಿರುಗಿಸೋಕೆ ಕೈಗೆ ನೆರವಾಗೋ ಈ ಪವರ್ ಸ್ಟೀರಿಂಗ್ ಗಾಡಿ ಓಡುವಾಗ ಬೇಕಾಗೋದೇ ಇಲ್ಲ. ಗಾಡಿ ಹಗುರ, ಟಯರ್ 12 ಇಂಚಿನದು. ಧಾರವಾಡ ರಸ್ತೆಯಲ್ಲಿ ಸ್ಟೀರಿಂಗ್ ಸಲೀಸಾಗಿ ತಿರುಗುತ್ತದೆ, ಸಣ್ಣ ಗುಂಡಿಯೂ ಕೈಗೆ ಗೊತ್ತಾಗುತ್ತದೆ, ನನಗೆ ಅದೇ ಇಷ್ಟ. ಕಷ್ಟ ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯ ಗದ್ದಲದಲ್ಲಿ. ಬುಟ್ಟಿ, ಬೈಕುಗಳ ನಡುವೆ ನಿಂತ ಗಾಡಿಯನ್ನು ಪೂರ್ತಿ ತಿರುಗಿಸುವಾಗ ಭುಜ ಹಿಡಿಯುತ್ತದೆ. ಚಕ್ರ ಸ್ವಲ್ಪ ಉರುಳುವಾಗ ತಿರುಗಿಸಿ, ಟಯರಿನ ಗಾಳಿ ಸರಿಯಾಗಿಡಿ, ಎಷ್ಟೋ ಹಗುರವಾಗುತ್ತದೆ.

ಹಾಕಿಸುವುದಾದರೆ ಎಲೆಕ್ಟ್ರಿಕ್ಕೇ ಸರಿ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬಗೆಯಲ್ಲಿ ಪಂಪ್ ಬೆಲ್ಟ್ ಮೂಲಕ ಇಂಜಿನ್ ಶಕ್ತಿ ಎಳೆಯುತ್ತದೆ, 800ರ 796 ಸಿಸಿಯ ಸಣ್ಣ ಇಂಜಿನ್‌ಗೆ ಅದು ಜಾಸ್ತಿ. ಎಲೆಕ್ಟ್ರಿಕ್‌ನಲ್ಲಿ ಮೋಟರ್ ಸ್ಟೀರಿಂಗ್ ಕಂಬದ ಮೇಲೇ ಕೂರುತ್ತದೆ, ಆದರೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಗಟ್ಟಿ ಇರಬೇಕು. ಕಂಬ ಕತ್ತರಿಸಿ ಸುಮ್ನೆ ವೆಲ್ಡಿಂಗ್ ಮಾಡ್ತೀನಿ ಅಂದರೆ ಒಪ್ಪಬೇಡಿ, ಪ್ರಾಣದ ವಿಷಯ ಅಲ್ವಾ? ಮನೆಯಲ್ಲಿ ಭುಜ ನೋವಿನವರು ದಿನಾ ಓಡಿಸುವುದಾದರೆ ಕಂಪನಿಯಿಂದಲೇ ಪವರ್ ಸ್ಟೀರಿಂಗ್ ಬಂದ ಹಳೆ ಆಲ್ಟೋ ಹುಡುಕಿ.