ಕೊಬ್ಬಿನ ಗಂಟಿಗೆ ಶಿರಸಿಯ ಒಂದು ಚರ್ಮದ ಕ್ಲಿನಿಕ್: ಐದಕ್ಕೆ ನಾಲ್ಕು
ಎರಡೂ ಮುಂಗೈ, ಸೊಂಟದ ಪಕ್ಕ, ಎಲ್ಲ ಸೇರಿ ನನಗೆ 14 ಗಂಟು ಇವೆ. ಕೆಲವು ಅಡಿಕೆಯಷ್ಟು, ಒಂದೆರಡು ನಿಂಬೆಹಣ್ಣಿನಷ್ಟು. ಅಪ್ಪನಿಗೂ ಇದ್ದವು, ಹಾಗಾಗಿ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಮದುವೆ ಮನೆಯಲ್ಲಿ ಯಾರೋ ಕೈ ಹಿಡಿದು "ಇದು ಕ್ಯಾನ್ಸರ್ ಅಲ್ವಾ?" ಅಂದ ಮೇಲೆ ಹೆಂಡತಿ ಬಿಡಲಿಲ್ಲ. ಮೊದಲು ಬೇರೆ ಕಡೆ ತೋರಿಸಿ, ಗಂಟು ಕರಗಿಸುವ ಮುಲಾಮು ಅಂತ ಆರು ತಿಂಗಳು ಸುಮ್ನೆ ಹಚ್ಚಿದ್ದಾಯಿತು. ಅಂಗಿ ತೋಳಿಗೆ ಎಣ್ಣೆ ಕಲೆ ಬಿತ್ತು, ಅಷ್ಟೇ.

ಕಡೆಗೆ ಕುಮಟಾದಿಂದ ದೇವಿಮನೆ ಘಾಟಿ ಹತ್ತಿ ಇಲ್ಲಿಗೆ ಬಂದೆ. ಟೋಕನ್ 31. ಎರಡೂವರೆ ತಾಸು ಕಾದೆ. ಇರುವುದು ಹತ್ತೇ ಕುರ್ಚಿ, ಒದ್ದೆ ಕೊಡೆ ಇಡಲೂ ಜಾಗ ಇಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದಕ್ಕೇ.

ಒಳಗೆ ಹೋದ ಮೇಲೆ ಸಿಟ್ಟು ಇಳಿಯಿತು. ಡಾಕ್ಟರು ಒಂದೊಂದೇ ಗಂಟನ್ನು ಎರಡು ಬೆರಳಲ್ಲಿ ಒತ್ತಿ, ಅಂಚು ಹಿಡಿದು, ಅದು ಚರ್ಮದಡಿ ಜಾರುತ್ತದಾ ಅಂತ ನೋಡಿ, ಟೇಪು ಹಿಡಿದು ಅಳೆದು ಬರೆದುಕೊಂಡರು. ಲೈಪೋಮಾ, ಬರೀ ಕೊಬ್ಬು. ಮನೆತನದಲ್ಲೇ ಹೀಗೆ ಗುಂಪಾಗಿ ಬರುವುದು ಅಪರೂಪವಂತೆ, ಆದರೆ ಹೆದರುವಂಥದ್ದಲ್ಲ. ತುಪ್ಪ ಬಿಟ್ಟರೆ ಕರಗುತ್ತಾ ಅಂತ ಕೇಳಿದೆ, ನಕ್ಕರು. ತೂಕ ಇಳಿದರೂ ಇವು ಇಳಿಯುವುದಿಲ್ಲವಂತೆ. 5 ಸೆಂಟಿಮೀಟರ್ ದಾಟಿದರೆ, ಬೇಗ ಬೆಳೆದರೆ, ಗಟ್ಟಿಯಾದರೆ ಸ್ಕ್ಯಾನ್ ಮಾಡಿಸಲೇಬೇಕು ಅಂದರು.

ಎಲ್ಲ ತೆಗೆದುಬಿಡಿ ಅಂದೆ. ಒಪ್ಪಲಿಲ್ಲ. "ನಿಮಗೆ 14 ಕಲೆ ಬೇಕಾ?" ಅಂದರು. ಮೇಜಿಗೆ ಒತ್ತಿ ಕಾಟ ಕೊಡುತ್ತಿದ್ದ ಮೊಣಕೈ ಹತ್ತಿರದ್ದು ಒಂದನ್ನು ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೆಗೆದರು, ಮೂರು ಹೊಲಿಗೆ. ಟ್ರೇಯಲ್ಲಿ ತೋರಿಸಿದರು ನೋಡಿ, ಥೇಟ್ ಹಲಸಿನ ತೊಳೆ! ಅದೇ ಹಳದಿ, ಮೇಲೆ ತೆಳು ಪೊರೆ. ಬಯಾಪ್ಸಿಗೆ ಕಳಿಸಿದರು, ರಿಪೋರ್ಟಿನಲ್ಲಿ ಏನೂ ತೊಂದರೆ ಇರಲಿಲ್ಲ.

ಒಂದು ಮಾತು ಬಿಟ್ಟೆ. "ನೋವಿದೆಯಾ?" ಅಂತ ಮೂರು ಸಲ ಕೇಳಿದ್ದರು. ಕೊಬ್ಬಿನ ಗಂಟು ತಿಂಗಳುಗಟ್ಟಲೆ ನೋಯುವ ಡರ್ಕಮ್ ಕಾಯಿಲೆ ಅಂತ ಬೇರೆಯೇ ಇದೆಯಂತೆ, ಹೆಂಗಸರಲ್ಲಿ ಜಾಸ್ತಿ. ಅಮೆರಿಕದ ಡರ್ಕಮ್ ಎಂಬ ವೈದ್ಯ 1888ರಲ್ಲೇ ಅದನ್ನು ಬರೆದಿಟ್ಟಿದ್ದಾನಂತೆ. ನನಗೆ ನೋವಿಲ್ಲ. ಆದರೆ ನಮ್ಮ ಅಕ್ಕನ ತೊಡೆಯ ಗಂಟಿಗೆ ಮೊಮ್ಮಗುವಿನ ಕಾಲು ತಾಗಿದರೂ ಚೀರುತ್ತಾಳೆ, ನಾವೆಲ್ಲ ನಾಟಕ ಅಂತ ನಗುತ್ತಿದ್ದೆವು. ಬರುವ ಸೋಮವಾರ ಅವಳನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಈ ಸಲ ಬೆಳಿಗ್ಗೆ ಏಳಕ್ಕೇ ಹೋಗಿ ಟೋಕನ್ ತೆಗೆಸಬೇಕು.