52 ಇಂಚ ಸುತ್ತಳತಿಗೆ ಬೆಲ್ಲಿ ಡ್ಯಾನ್ಸ್ ಡ್ರೆಸ್ ಹೊಲಿಸಿದ್ನಿ: ಶಹಾಪುರದ ಟೇಲರ್ ಮೌಶಿ ಬಗ್ಗೆ

ಮೊದಲ ಹೇಳಿಬಿಡ್ತೀನಿ, ಈ ಮೌಶಿ ಅಂಗಡಿಗೆ ಬೋರ್ಡ್ ಇಲ್ಲ, ಹೆಸರು ಹಾಕಬ್ಯಾಡ ಅಂತ ಅವರ ಹೇಳ್ಯಾರ, ಈಗ ಬರೂ ಝಂಪರ್ (ಬ್ಲೌಸ್) ಹೊಲಿಯಾಕನ ಟೈಮ್ ಸಾಲವಲ್ದು ಅಂತಾರ. ಬೆಳಗಾವಿ ಶಹಾಪುರದ ಖಡೇಬಜಾರದಿಂದ ಒಳಗ ಹೋಗೂ ಒಂದು ಗಲ್ಲಿ, ಮನಿ ಮುಂದಿನ ಖೋಲಿ, ಎರಡು ಮಷಿನ್, ಗ್ವಾಡಿಗೆ ಒಂದು ಉದ್ದನ ಕನ್ನಡಿ, ಅಷ್ಟ.

ನನ್ನ ಕಥಿ ಏನಂದ್ರ, ವಯಸ್ಸು 41, ಎದಿ 46, ಕುಂಡಿ ಸುತ್ತಳತಿ 52. ಟಿಳಕವಾಡಿ ಒಳಗ ನಾಕು ತಿಂಗಳಿಂದ ವಾರಕ್ಕ ಎರಡು ದಿನ ಬೆಲ್ಲಿ ಡ್ಯಾನ್ಸ್ ಕಲ್ಯಾಕ ಹೊಂಟೀನಿ, ಇಷ್ಟು ದಿನ ಲೆಗ್ಗಿಂಗ್ಸ್ ಮ್ಯಾಲೆ ಓಡಣಿ ಕಟಗೊಂಡು ನಡದಿತ್ತು, ಆದ್ರ ಹೆಣ್ಮಕ್ಕಳಿಗಷ್ಟ ಅಂತ ಒಂದು ಸಣ್ಣ ಕಾರ್ಯಕ್ರಮ ಇಟ್ಟಾರ, ಅದಕ್ಕ ಡ್ರೆಸ್ ಬೇಕಾತು. ಆನ್‌ಲೈನ್ ಒಳಗ ಫ್ರೀ ಸೈಜ್ ಅಂತ ಬರದಿದ್ದು ಒಂದು ತರಸಿದ್ನಿ, ಅದು ಯಾರ ಪಾಲಿಗೆ ಫ್ರೀ ಐತೋ ದೇವರಿಗೇ ಗೊತ್ತು, ನಂಗಂತೂ ಮುಂದ ಗಂಟ ಹಾಕಾಕ ಒಂದು ಗೇಣು ಕಡಿಮಿ ಬಿತ್ತು. ಒಂದು ದೊಡ್ಡ ಬೊಟೀಕ್‌ಗೆ ಹೋದ್ರ ಅಲ್ಲಿಯಾಕಿ ನನ್ನ ಮ್ಯಾಲಿಂದ ಕೆಳಗ ಒಮ್ಮೆ ನೋಡಿ, ಮ್ಯಾಡಮ್ ಇದರ ಬದಲಿ ಅನಾರ್ಕಲಿ ಹೊಲದ ಕೊಡೂಣೇನು, ಎಲ್ಲಾ ಮುಚ್ಚತೈತಿ ಅಂದ್ಲು. ನಾ ಮುಚ್ಚಾಕ ಎಲ್ಲಿ ಹೋಗಿದ್ನಿ!

ಮೌಶಿ ಹಂಗೇನೂ ಅನ್ಲಿಲ್ಲ. ಮೊಬೈಲ್‌ನಾಗ ವಿಡಿಯೋ ತೋರಿಸಿದ್ನಿ, ಮೂರು ಸರ್ತಿ ನೋಡಿದ್ರು, ಚಸ್ಮಾ ಏರಿಸಿಕೊಂಡು "ಇದು ಝಂಪರ್ ಪರಕಾರನ ಐತೆಲ್ಲವಾ, ಮಣಿ ಜಾಸ್ತಿ ಅದಾವ ಅಷ್ಟ" ಅಂದ್ರು. ಆಮ್ಯಾಲೆ ಟೇಪ್ ಹಿಡದು ನಿಂತ ಅಳತಿ ತಗೊಂಡ್ರು, ಕುಂದ್ರಿಸಿ ತಗೊಂಡ್ರು, ಕೈ ಮ್ಯಾಲೆತ್ತಿಸಿ ತಗೊಂಡ್ರು. ನಿಂತಾಗ 52 ಇದ್ದದ್ದು ಕುಂತಾಗ 55. ಇಷ್ಟು ವರ್ಷದಾಗ ಯಾವ ಟೇಲರ್ರೂ ನನ್ನ ಕುಂದ್ರಿಸಿ ಅಳತಿ ತಗೊಂಡಿದ್ದಿಲ್ಲ, ಅದಕ್ಕ ನನ್ನ ಚೂಡಿದಾರ ಪ್ಯಾಂಟೆಲ್ಲಾ ಬಸ್ಸಿನ ಸೀಟ್‌ನಾಗ ಕುಂತ ಕೂಡ್ಲೆ ಹರಿತಿದ್ವು ಅಂತ ಅವತ್ತ ತಿಳೀತು. ಕಡೀಕ "ಈಗ ಕುಣದ ತೋರಸು" ಅಂದ್ರು, ನಾಚಿಕಿ ಆತು, ಆದ್ರ ಕುಣದ್ನಿ.

ಬ್ರಾದ ಕೆಲಸಾನ ಇದರಾಗ ದೊಡ್ಡದು. ಗಟ್ಟಿ ಕಪ್ ಇರೂ, ನಿಂಗ ಸರಿಯಾಗಿ ಕುಂದ್ರೂ ರೆಡಿಮೇಡ್ ಬ್ರಾ ನೀನ ತಗೊಂಡ ಬಾ ಅಂದ್ರು, ತಂದ ಕೂಡ್ಲೆ ಕತ್ತರಿ ತಗೊಂಡು ಅದರ ಇಲಾಸ್ಟಿಕ್ ಪಟ್ಟಿ ಎಲ್ಲಾ ಕಚಕಚ ಕತ್ತರಿಸಿಬಿಟ್ರು, ನನ್ನ ಎದಿ ಧಸಕ್ ಅಂತು, 900 ರೂಪಾಯಿದು. ಮಣಿ ಭಾರಕ್ಕ ಇಲಾಸ್ಟಿಕ್ ಜಗ್ಗತೈತಿ, ಎರಡನೇ ಹಾಡಿಗೆ ಎಲ್ಲಾ ಕೆಳಗ ಬರ್ತೈತಿ ಅಂತ ಹೇಳಿ ಒಂದೂವರಿ ಇಂಚ ಅಗಲದ ಕಾಟನ್ ಪಟ್ಟಿ ಹಚ್ಚಿದ್ರು. ನಂಗ ಕುತ್ತಿಗಿ ಹಿಂದ ಕಟ್ಟೂ ಹಾಲ್ಟರ್ ಬೇಕಾಗಿತ್ತು, ವಿಡಿಯೋದಾಗ ಹಂಗ ಇತ್ತು. ಸುತಾರಾಂ ಒಪ್ಲಿಲ್ಲ, ನಿನ್ನ ಎದಿ ಭಾರ, ಮಣಿ ಭಾರ, ಎರಡೂ ಕುತ್ತಿಗಿ ಮ್ಯಾಲೆ ಹಾಕಿದ್ರ ಮರುದಿನ ಕುತ್ತಿಗಿ ತಿರಗೂದಿಲ್ಲ ಅಂತ ಬೈದು ಬೆನ್ನ ಮ್ಯಾಲೆ ಕ್ರಾಸ್ ಹಾಕಿದ್ರು. ಬರೋಬ್ಬರಿ ಐತಿ ಅವರ ಮಾತು.

ಮ್ಯಾಲಿನ ಅರಿವಿಗೆ ನಾ ಗುಳೇದಗುಡ್ಡದ ಖಣ ಕೊಟ್ಟಿದ್ನಿ, ನಮ್ಮ ಅತ್ತಿ ಕೊಟ್ಟಿದ್ದು, ಸೂಜಿಮಲ್ಲಿಗಿ ಡಿಸೈನು. ಖಣ ಜಗ್ಗೂದಿಲ್ಲ, ದುಂಡನ ಕಪ್ ಮ್ಯಾಲೆ ಸುಮ್ನ ಹಚ್ಚಿದ್ರ ಸುಕ್ಕ ಬೀಳತೈತಿ, ಅದಕ್ಕ ಕಟೋರಿ ಝಂಪರ್‌ಗೆ ಕತ್ತರಿಸಿದಂಗ ಮೂರು ತುಂಡು ಮಾಡಿ ಜೋಡಿಸ್ಯಾರ, ಜೋಡಣಿ ಎಲ್ಲಿ ಐತಿ ಅಂತ ಬಟ್ಟ ಇಟ್ಟು ಹುಡುಕಬೇಕು. ಬಗಲಾಗ ಮೆತ್ತನ ಕಾಟನ್ ಅಸ್ತರ, ಹೊಳೆಯೂ ಟಿಕಳಿ ಚುಚ್ಚೂದಿಲ್ಲ.

ಕುಂಡಿ ಮ್ಯಾಲೆ ಕಟ್ಟೂ ಬೆಲ್ಟ್ ಬಗ್ಗೆ ಹೊಸಬರು ಇದೊಂದು ತಿಳಕೋರಿ. ಸೀದಾ ಪಟ್ಟಿ ಹೊಲದ್ರ ನಮ್ಮಂಥ ಮೈಯ್ಯಾಗ ಅದು ಮ್ಯಾಲೆ ಸರಕೊಂತ ಸೊಂಟಕ್ಕ ಬಂದು ಕುಂದರತೈತಿ. ಮೌಶಿ ಎರಡು ತುಂಡು, ಡೊಂಕ ಆಕಾರ, ಮ್ಯಾಲಿನ ಅಂಚು ಸಣ್ಣ ಕೆಳಗಿಂದು ದೊಡ್ಡದು ಮಾಡಿ, ಒಳಗ ಎರಡು ಪದರ ಬಕ್ರಮ್ (ಗಟ್ಟಿ ಅರಿವಿ) ಹಾಕಿ, ಎರಡೂ ಬಾಜು ಪ್ಯಾಂಟ್ ಹುಕ್ ಹಚ್ಯಾರ, ಮೂರು ಇಂಚ ಹೆಚ್ಚಿಗಿ ಅರಿವಿನೂ ಬಿಟ್ಟಾರ, ಹಬ್ಬ ಬರ್ತಾವ ಹೋಗ್ತಾವ ಅಂತ. ಮಣಿ ಪೋಣಿಸೂದು ನಾನ ಮಾಡಿದ್ನಿ, ಪ್ರತಿ ನಾಕು ಮಣಿಗೆ ಒಂದು ಗಂಟ ಹಾಕು, ಇಲ್ಲಂದ್ರ ಒಂದು ದಾರ ಹರದ್ರ ಪೂರಾ ಸಾಲ ಸ್ಟೇಜ್ ಮ್ಯಾಲೆ ಅಂದಿದ್ರು. ಹದಿನೈದು ದಿನ ಹಿಡೀತು, ಮುಗದ ಮ್ಯಾಲೆ ಅಡಗಿಮನಿ ತಕ್ಕಡಿ ಒಳಗ ಇಟ್ಟು ನೋಡಿದ್ರ ಬೆಲ್ಟ್ ಒಂದ 1 ಕಿಲೋ 300 ಗ್ರಾಂ.

ಸ್ಕರ್ಟ್ ಮಾತ್ರ ಗಡಬಡ ಆತು. ಫುಲ್ ಸರ್ಕಲ್ ಬೇಕಂದಿದ್ನಿ. 52ನ್ನ 6.28ರಿಂದ ಭಾಗಿಸಿದ್ರ ಒಳಗಿನ ಗೋಲದ ತ್ರಿಜ್ಯ ಎಂಟೂಕಾಲು ಇಂಚ, ಅದಕ್ಕ ಉದ್ದ 38 ಕೂಡಿಸಿದ್ರ 46 ದಾಟತೈತಿ, ಶಿಫಾನ್ ಪನ್ನಾ (ಅರಿವಿ ಅಗಲ) 44, ಹಂಗಾಗಿ ಜೋಡು ಹಾಕಬೇಕು ಇಲ್ಲಾ ಕಲಿ (ಮ್ಯಾಲೆ ಸಣ್ಣ, ಕೆಳಗ ಅಗಲ ಇರೂ ತುಂಡು) ಹಾಕಬೇಕು. ಎಂಟು ಕಲಿ ಹಾಕಿದ್ರು. ಆಡಾ (ಓರೆ) ಕತ್ತರಿಸಿದ ಅರಿವಿ ಇಳೀತೈತಿ ಅಂತ ಎರಡು ದಿನ ಹ್ಯಾಂಗರ್‌ಗೆ ನೇತು ಹಾಕಿ ಆಮ್ಯಾಲೆ ತಳ ಮಡಚಿದ್ರು, ಅದೂ ಈ ಬೆಳಗಾವಿ ಜುಲೈ ಮಳಿ ಒಳಗ, ಖೋಲಿ ತುಂಬ ತೇವ. ಇಷ್ಟೆಲ್ಲಾ ಮಾಡಿ ಉದ್ದ ಮಾತ್ರ ಮ್ಯಾಲಿಂದ ಸುತ್ತಲೂ ಒಂದ ಅಳತಿ ಇಟ್ಟಾರ! ನನ್ನ ಹಿಂಭಾಗ ಅರಿವಿ ಏನು ಕಡಿಮಿ ತಿಂತೈತೇನು, ಹಿಂದ ಎರಡು ಇಂಚ ಮ್ಯಾಲೆ, ಮುಂದ ನೆಲ ಕಸ ಹೊಡಿತಿತ್ತು. ಬೆಲ್ಟ್ ಕಟಗೊಂಡು ನಿಂತು, ನೆಲದಿಂದ ಮ್ಯಾಲೆ ಸ್ಕೇಲ್ ಇಟ್ಟು ಸುತ್ತಲೂ ಗುರ್ತ ಹಾಕಸ್ರಿ, ಇದೊಂದು ನೀವ ಹೇಳಿ ಮಾಡಿಸಿಕೊಳ್ರಿ. ರಿಪೇರಿ ಮಾಡಿಕೊಟ್ರು, ರೊಕ್ಕ ತಗೊಳ್ಳಿಲ್ಲ, ಆದ್ರ ಎಲ್ಲಾ ಸೇರಿ 11 ದಿನ ತಡ. ತೊಡಿ ತಿಕ್ಕಬಾರದು ಅಂತ ಒಳಗ ಹಾಕೂ ಅಗಲ ಪ್ಯಾಂಟನ್ನ ಉಳದ ಶಿಫಾನ್‌ನಾಗ ಹೊಲದ್ರು, ಅದು ಏನೂ ಉಪಯೋಗಿಲ್ಲ, ಕಾಟನ್‌ದು ಕೇಳ್ರಿ.

ಹೊಟ್ಟಿ ವಿಷಯ. ಈ ಬ್ರಾ-ಬೆಲ್ಟ್ ಜೋಡಿಗೆ ಬದ್ಲಾ ಅಂತಾರ, 1926ರಾಗ ಈಜಿಪ್ಟಿನ ಕೈರೋದಾಗ ಬದಿಯಾ ಮಸಾಬ್ನಿ ಅನ್ನೂ ಡ್ಯಾನ್ಸರ್ ಕ್ಲಬ್ ತೆಗೆದ ಮ್ಯಾಲೆ ಇದು ಸ್ಟೇಜ್ ಮ್ಯಾಲೆ ಫೇಮಸ್ ಆತು, ಮುಂದ 1950ರ ದಶಕದಾಗ ಈಜಿಪ್ಟ್ ಸರ್ಕಾರನ ಹೊಟ್ಟಿ ಮುಚ್ಚರಿ ಅಂತ ರೂಲ್ ಮಾಡ್ತು, ಅವರು ಜಾಳಗಿ ಹಾಕ್ಕೊಂಡು ಕುಣದ್ರು. ಇದನ್ನ ಮೌಶಿಗೆ ಹೇಳಿದ್ನಿ. "ಸರ್ಕಾರದ್ದು ಬಿಡು, ನಿಂಗ ಹೆಂಗ ಬೇಕು?" ಅಂದ್ರು. ನಂಗ ಜಾಳಗಿ ಬೇಕಿತ್ತು, ಯಾಕಂದ್ರ ಹೆರಿಗಿ ಆಪರೇಷನ್ ಹೊಲಿಗಿ ಮ್ಯಾಲೆ ಬೆಲ್ಟ್ ತಿಕ್ಕತೈತಿ. ಬಜಾರದಾಗ ಸ್ಕಿನ್ ಕಲರ್ ನೆಟ್ ಅಂತ ಕೊಡ್ತಾರಲ್ಲ, ಅದು ನಮ್ಮೂರಾಗ ಯಾರ ಸ್ಕಿನ್ನೋ ಏನೋ, ಸುಮ್ನ ಖಣಕ್ಕ ಒಪ್ಪೂ ಮರೂನ್ ತಗೊಂಡ್ನಿ.

ಹೊಲಿಗಿಗೆ 2,400, ಸಾಮಾನಿಗೆ ಬ್ರಾ ಹಿಡದು 3,100. ಐದಕ್ಕ ನಾಕು ಸ್ಟಾರ್, ಒಂದು ಆ ತಳಕ್ಕ ಕಟ್. ಫೋನ್ ಹಚ್ಚಿದ್ರ ಎತ್ತೂದಿಲ್ಲ, ಮಧ್ಯಾಹ್ನ ಮೂರರ ಮ್ಯಾಲೆ ನೇರ ಹೋಗ್ರಿ, ಗಲ್ಲಿ ಯಾವುದು ಅಂತ ನಂಗ ಮೆಸೇಜ್ ಮಾಡ್ರಿ. ಗಣಪತಿ ಹಬ್ಬದ ಮುಂದ ಒಂದು ತಿಂಗಳು ಆ ಕಡೆ ಹಾಯಬ್ಯಾಡ್ರಿ, ಝಂಪರ್ ಗಂಟು ಬಾಗಲಾ ತನಕ ಇರ್ತಾವ, ಬೈಸಿಕೊಂಡ ಬರ್ತೀರಿ.