ಟೈಗರ್ ಬಾರ್ಬ್, ನಿಯಾನ್ ಟೆಟ್ರಾ, ಚೆರ್ರಿ ಬಾರ್ಬ್: ಹತ್ತಾರು ಮೀನಿನ ಟ್ಯಾಂಕಿಗೆ ಯಾವುದು ಹೊಂದುತ್ತದೆ?

ನಮ್ಮ ಮನೆಯ ಟ್ಯಾಂಕು ಮೂರಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಸುಮಾರು 100 ಲೀಟರ್ ನೀರು ಹಿಡಿಯುತ್ತದೆ. ಬೆಂಗಳೂರಿನ ಎಷ್ಟೋ ಮನೆಗಳ ಹಾಗೆ ನಮ್ಮ ಸಂಪಿಗೂ ಕಾವೇರಿ ನೀರು, ಬೋರ್ ನೀರು ಎರಡೂ ಬೀಳುತ್ತವೆ. ಇಂಥ ಟ್ಯಾಂಕಿನಲ್ಲಿ ನಡುನೀರಿನಲ್ಲಿ ಗುಂಪಾಗಿ ಓಡಾಡುವ ಮೀನು ಯಾವುದಿರಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡಬೇಕು. ಉಳಿದ ಮೀನುಗಳನ್ನು ಅದಕ್ಕೆ ಹೊಂದುವ ಹಾಗೆ ಆರಿಸಬಹುದು. ಈ ಮೂರನ್ನೂ ಬೇರೆ ಬೇರೆ ಕಾಲದಲ್ಲಿ ಇದೇ ಟ್ಯಾಂಕಿನಲ್ಲಿ ಸಾಕಿ ನೋಡಿದ್ದೇನೆ.

ಅಂಗಡಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳೋದು ಟೈಗರ್ ಬಾರ್ಬ್. ಹಳದಿ ಮೈಮೇಲೆ ನಾಲ್ಕು ಕಪ್ಪು ಪಟ್ಟೆ, ಕೆಂಪು ಮೂತಿ. ಗಟ್ಟಿ ಜೀವ, ನೀರಿನ ವಿಷಯದಲ್ಲಿ ತಕರಾರು ಕಡಿಮೆ. ತೊಂದರೆ ಇರುವುದು ಅದರ ಬಾಯಲ್ಲಿ. ಏಂಜೆಲ್ ಮೀನಿನ ಎದೆಯ ಕೆಳಗೆ ಎರಡು ಉದ್ದನೆಯ ಎಳೆ ಇಳಿಬಿದ್ದಿರುತ್ತವಲ್ಲ, ಟೈಗರ್ ಬಾರ್ಬ್ ಹಿಂದಿನಿಂದ ಬಂದು ಅದರ ತುದಿ ಕಚ್ಚಿ ಒಮ್ಮೆ ತಲೆ ಕೊಡವುತ್ತದೆ. ತುದಿ ಹರಿದು ಬರುತ್ತದೆ. ಏಂಜೆಲ್ ತಿರುಗುವಷ್ಟರಲ್ಲಿ ಇನ್ನೊಂದು ಅದರ ಬಾಲಕ್ಕೆ ಬಾಯಿ ಹಾಕಿರುತ್ತದೆ. ಒಂದು ಸಂಜೆಯೊಳಗೆ ನಮ್ಮ ಏಂಜೆಲ್ ಫಿಲ್ಟರಿನ ಹಿಂದೆ ಮೂಲೆ ಹಿಡಿಯಿತು. ಊಟಕ್ಕೂ ಹೊರಗೆ ಬರಲಿಲ್ಲ. ಅದನ್ನು ಬೇರೆ ಟ್ಯಾಂಕಿಗೆ ಬಿಟ್ಟೆ.

ಎಂಟು-ಹತ್ತು ಟೈಗರ್ ಬಾರ್ಬ್ ಒಟ್ಟಿಗೆ ಇದ್ದರೆ ತಮ್ಮೊಳಗೇ ಜಗಳ ಆಡಿಕೊಂಡು ಬೇರೆಯವರ ತಂಟೆಗೆ ಕಡಿಮೆ ಹೋಗುತ್ತವೆ ಅನ್ನೋದು ನಿಜ. ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಗಪ್ಪಿ, ಫೈಟರ್, ಏಂಜೆಲ್‌ನಂಥ ಉದ್ದ ರೆಕ್ಕೆಯವರ ಜೊತೆ ಇದು ಬೇಡವೇ ಬೇಡ. ಜೀಬ್ರಾ ಡೇನಿಯೊ ಥರದ ಚುರುಕಿನ, ಗಿಡ್ಡ ರೆಕ್ಕೆಯ ಮೀನಿನ ಜೊತೆ ನಡೆಯುತ್ತದೆ.

ನಿಯಾನ್ ಟೆಟ್ರಾ ಸ್ವಭಾವದಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಯಾರ ಗೊಡವೆಗೂ ಹೋಗುವುದಿಲ್ಲ. ಗಿಡಗಳ ನಡುವೆ ಹತ್ತು ನಿಯಾನ್ ಒಟ್ಟಿಗೆ ತಿರುಗಿದಾಗ ಆ ನೀಲಿ ಗೆರೆ ಮಿಂಚೋದನ್ನ ನೋಡಲು ಎರಡು ಕಣ್ಣು ಸಾಲದು. ಆದರೆ ಇದರ ಮೂಲ ಅಮೆಜಾನ್ ಹೊಳೆಗಳು. ಅಲ್ಲಿನ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಫಾರಂನಲ್ಲಿ ಬೆಳೆದ ಮರಿಗಳು ಮಧ್ಯಮ ಗಡಸು ನೀರಿಗೆ ಒಗ್ಗುತ್ತವೆ. ಒಗ್ಗದಿರುವುದು ದಿಢೀರ್ ಬದಲಾವಣೆಗೆ. ಬೇಸಿಗೆಯಲ್ಲಿ ಕಾವೇರಿ ನೀರು ಕಡಿಮೆಯಾಗಿ ಸಂಪಿನಲ್ಲಿ ಬೋರ್ ನೀರೇ ಜಾಸ್ತಿಯಾದಾಗ, ನೀರು ಬದಲಿಸಿದ ಮರುದಿನ ನಿಯಾನ್‌ಗಳ ಬಣ್ಣ ಪೇಲವ. ಕೆಂಪು ಗೆರೆ ಗುಲಾಬಿಯಾಗಿ, ಎಲ್ಲವೂ ಒಂದು ಮೂಲೆಯಲ್ಲಿ ಸೇರಿದ್ದವು. ಒಂದೇ ಸಲ ಜಾಸ್ತಿ ಬದಲಿಸದೆ ಸ್ವಲ್ಪ ಸ್ವಲ್ಪವೇ ಬದಲಿಸಿದರೆ ತಡೆದುಕೊಳ್ಳುತ್ತವೆ. ಏಂಜೆಲ್ ಜೊತೆ ಸಾಕುವ ಆಸೆಯಿದ್ದರೆ ಇನ್ನೊಂದು ವಿಷಯ: ಏಂಜೆಲ್ ಅಂಗೈಯಷ್ಟು ಬೆಳೆಯುತ್ತದೆ, ನಿಯಾನ್ ಮೂರು ಸೆಂಟಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಾಯಿಗೆ ಹಿಡಿಸುವ ಮೀನು ಊಟವೇ, ಅಲ್ವಾ?

ಚೆರ್ರಿ ಬಾರ್ಬ್ ಶ್ರೀಲಂಕಾದ ನೆರಳು ತೊರೆಗಳ ಮೀನು. ಐದು ಸೆಂಟಿಮೀಟರ್ ದಾಟುವುದು ಅಪರೂಪ. ಅಂಗಡಿಯ ಬರಿದಾದ ಗಾಜಿನ ಪೆಟ್ಟಿಗೆಯಲ್ಲಿ ಕಂದು ಬಣ್ಣದಲ್ಲಿ ಮಂಕಾಗಿ ಕಾಣುತ್ತದೆ, ಅದಕ್ಕೇ ಜನ ಕೊಳ್ಳದೆ ಹೋಗುತ್ತಾರೆ. ಮನೆಗೆ ತಂದು ದಟ್ಟ ಗಿಡಗಳ ನಡುವೆ ಬಿಟ್ಟು ಸುಮ್ನೆ ಕಾಯಬೇಕು. ಹೆದರಿಕೆ ಬಿಟ್ಟ ಮೇಲೆ ಗಂಡುಗಳು ಮಾಗಿದ ಚೆರ್ರಿ ಹಣ್ಣಿನ ಕೆಂಪಿಗೆ ತಿರುಗುತ್ತವೆ. ಎರಡು ಗಂಡು ರೆಕ್ಕೆ ಅಗಲಿಸಿ ಒಂದರ ಸುತ್ತ ಒಂದು ಸುತ್ತುತ್ತವೆ, ಆದರೆ ಬೇರೆ ಜಾತಿಯ ಮೀನನ್ನು ಕಚ್ಚಿದ್ದು ನಾನು ಕಂಡಿಲ್ಲ. ಗಂಡಿಗಿಂತ ಹೆಣ್ಣು ಜಾಸ್ತಿ ಇರಲಿ, ಇಲ್ಲದಿದ್ದರೆ ಗಂಡುಗಳು ಹೆಣ್ಣಿನ ಬೆನ್ನು ಬಿಡುವುದಿಲ್ಲ. ನೀರು ಹೆಚ್ಚುಕಮ್ಮಿ ಆದರೂ, ಡಿಸೆಂಬರಿನಲ್ಲಿ ತಣ್ಣಗಾದರೂ ಇವು ಮೇವು ಬಿಟ್ಟಿಲ್ಲ. ಕಾವೇರಿ, ಬೋರ್ ಬೆರೆತ ನೀರಿಗೆ ನನ್ನ ಆಯ್ಕೆ ಇದೇ.

ಮೇಲಿನ ನೀರಿಗೆ ಡ್ವಾರ್ಫ್ ಗೌರಾಮಿ, ಹನಿ ಗೌರಾಮಿ ಎರಡನ್ನೂ ಸಾಕಿದೆ. ಬಣ್ಣದಲ್ಲಿ ಡ್ವಾರ್ಫ್ ಗೆಲ್ಲುತ್ತದೆ. ಆದರೆ ಅದರ ಗಂಡು ಒಂದು ಮೂಲೆಯನ್ನು ತನ್ನದು ಮಾಡಿಕೊಂಡು ಬಂದವರನ್ನೆಲ್ಲ ಅಟ್ಟುತ್ತಿತ್ತು. ಹನಿ ಗೌರಾಮಿ ಸಾಧು. ಎದೆಯ ಕೆಳಗಿನ ದಾರದಂಥ ಎಳೆಗಳನ್ನು ಮುಂದೆ ಚಾಚಿ ಎಲೆ, ಕಲ್ಲು, ಪಕ್ಕದ ಮೀನು ಎಲ್ಲವನ್ನೂ ಮುಟ್ಟಿ ನೋಡುತ್ತದೆ. ಚೆರ್ರಿ ಬಾರ್ಬ್ ಆ ಎಳೆಗಳನ್ನು ಕಚ್ಚುವುದಿಲ್ಲ. ಈ ಜೋಡಿ ನನಗೆ ಇಷ್ಟವಾದದ್ದು ಅದಕ್ಕೇ.

ತಳಕ್ಕೆ ಸಕ್ಕರ್ ಹಾಕಿ, ಗಾಜು ಕ್ಲೀನ್ ಮಾಡುತ್ತದೆ ಅಂತ ಎಲ್ಲ ಅಂಗಡಿಯಲ್ಲೂ ಹೇಳುತ್ತಾರೆ. ದಯವಿಟ್ಟು ಬೇಡ. ಆ ಬೆರಳುದ್ದದ ಮರಿ ಬೆಳೆದರೆ ಒಂದಡಿ ದಾಟುತ್ತದೆ. ಅದು ಮಾಡುವ ಹೊಲಸೂ ಅಷ್ಟೇ ಜಾಸ್ತಿ. ದೊಡ್ಡದಾದ ಮೇಲೆ ಜನ ಕೆರೆಗೆ ಬಿಡುತ್ತಾರೆ. ದಕ್ಷಿಣ ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಈ ಪರದೇಶಿ ಮೀನು ಸ್ಥಳೀಯ ಮೀನುಗಳಿಗೆ ಕುತ್ತು ತಂದಿದೆ. ಅದರ ಬದಲು ಆರು ಕೋರಿಡೋರಾಸ್ ತನ್ನಿ. ತಳದಲ್ಲಿ ನಯವಾದ ಮರಳು ಇರಲಿ, ಚೂಪು ಜಲ್ಲಿಗೆ ಅವುಗಳ ಮೀಸೆ ಸವೆಯುತ್ತದೆ. ಆಗಾಗ ಒಂದು ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಬಂದರೆ ಗಾಬರಿ ಬೇಡ, ಅದು ಅವುಗಳ ಅಭ್ಯಾಸ. ಎಲ್ಲವೂ ಪದೇ ಪದೇ ಹೋಗುತ್ತಿದ್ದರೆ ಮಾತ್ರ ನೀರು ಪರೀಕ್ಷಿಸಿ.

ನಿಮ್ಮಲ್ಲಿ ಬರೀ ಬೋರ್ ನೀರು, ಬಕೆಟ್ಟಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ ಅಂದರೆ ಈ ಲೆಕ್ಕ ಬೇರೆ. ಅಲ್ಲಿ ಗಪ್ಪಿ, ಪ್ಲಾಟಿ, ಮಾಲಿಗಳೇ ಸರಿ. ಗಡಸು ನೀರು ಅವುಗಳಿಗೆ ಹಿತ. ಹೆಣ್ಣು ತಂದರೆ ಮರಿಗಳಿಗೆ ಜಾಗ ಇಟ್ಟುಕೊಂಡಿರಿ. ಗಂಡು ಇಲ್ಲದೆಯೂ ಅದು ತಿಂಗಳಿಗೊಮ್ಮೆಯಂತೆ ಹಲವು ಸಲ ಮರಿ ಹಾಕಬಲ್ಲದು, ಗಂಡಿನ ವೀರ್ಯವನ್ನು ಒಳಗೇ ಉಳಿಸಿಕೊಂಡಿರುತ್ತದೆ.

ಮಿಸ್ ಕೇರಳ ಎಂದು ಮಾರುವ ಡೆನಿಸನ್ ಬಾರ್ಬ್ ಬಗ್ಗೆಯೂ ಹಲವರು ಕೇಳುತ್ತಾರೆ. ಕೇರಳ, ಕರ್ನಾಟಕದ ಪಶ್ಚಿಮ ಘಟ್ಟದ ನದಿಗಳ ಮೀನು ಅದು. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದು ಈಗ ಅಳಿವಿನ ಅಂಚಿಗೆ ಬಂದಿದೆ. ಗೇಣುದ್ದ ಬೆಳೆದು, ಹರಿವ ತಂಪು ನೀರು ಕೇಳುವ ಅದಕ್ಕೆ ಮೂರಡಿ ಟ್ಯಾಂಕು ಸಾಲದು. ನಾಲ್ಕಡಿಗಿಂತ ದೊಡ್ಡ ಟ್ಯಾಂಕು ಇದ್ದವರು ಹೊಳೆಯಿಂದ ಹಿಡಿದದ್ದೋ, ಫಾರಂನಲ್ಲಿ ಮರಿ ಮಾಡಿಸಿದ್ದೋ ಎಂದು ಕೇಳಿ, ಫಾರಂನದಾದರೆ ಮಾತ್ರ ಕೊಳ್ಳಿ.